ಸೀಟು, ಸಾಲ, ಸಂಬಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕು. ಮೂರು ಎಕರೆ ತೆಂಗಿನ ತೋಟವಿದೆ. ಕೊಬ್ಬರಿ ಮಾರಿ ಬರುವ ಹಣವೇ ಸಂಸಾರಕ್ಕೆ ಆಧಾರ. ಮಗಳಿಗೆ ಸಿಇಟಿ ರ‍್ಯಾಂಕಿನ ಮೇಲೆ ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಸೀಟು ಸಿಕ್ಕಿದೆ. ಅಲ್ಲಿ ಶುಲ್ಕ ವರ್ಷಕ್ಕೆ ಐವತ್ತು ಸಾವಿರದೊಳಗೆ ಮುಗಿಯುತ್ತದೆ. ಆದರೆ ಅವಳಿಗೆ ಕಂಪ್ಯೂಟರ್ ಸೈನ್ಸೇ ಬೇಕು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನವರು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೊಡಲು ಒಪ್ಪಿದ್ದಾರೆ. ವರ್ಷಕ್ಕೆ ಮೂರೂವರೆ ಲಕ್ಷ ಶುಲ್ಕ, ಹಾಸ್ಟೆಲ್ ಮತ್ತು ಊಟಕ್ಕೆ ಒಂದೂಕಾಲು ಲಕ್ಷ. ನಮ್ಮ ಕೈಯಲ್ಲಿರುವುದು ನಾಲ್ಕು ಲಕ್ಷ. ಉಳಿದ ಹದಿನೈದು ಲಕ್ಷಕ್ಕೆ ಮನೆಯ ಪತ್ರ ಇಟ್ಟರೆ ಶೇ 10.5ರ ಬಡ್ಡಿಗೆ ಸಾಲ ಕೊಡುವುದಾಗಿ ಬ್ಯಾಂಕಿನವರು ಹೇಳಿದ್ದಾರೆ. ಕಾಲೇಜಿನವರು, ನಾಲ್ಕು ದಿನದೊಳಗೆ ಒಂದು ಲಕ್ಷ ಕಟ್ಟಿ ಸೀಟು ಬ್ಲಾಕ್ ಮಾಡಿಕೊಳ್ಳಿ ಎನ್ನುತ್ತಿದ್ದಾರೆ. ಮಗ ಇನ್ನೂ ಒಂಬತ್ತನೆಯ ತರಗತಿ. ಮಗಳ ಆಸೆಗೆ ಅಡ್ಡ ಬರಲು ನನಗೂ ಯಜಮಾನರಿಗೂ ಮನಸ್ಸಿಲ್ಲ. ಏನು ಮಾಡಬೇಕು?
— ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಅಮ್ಮ, ಒಂದು ಲಕ್ಷವನ್ನು ಈಗಲೇ ಕಟ್ಟಬೇಡಿ. ಮೊದಲು ಮಗಳನ್ನು ಜೊತೆಗೆ ಕೂರಿಸಿಕೊಂಡು, ಈ ಹದಿನೈದು ಲಕ್ಷ ಅವಳ ಓದು ಮುಗಿಯುವ ಹೊತ್ತಿಗೆ ಎಷ್ಟಾಗಿರುತ್ತದೆ, ತಿಂಗಳಿಗೆ ಎಷ್ಟು ಕಂತಾಗಿ ಬರುತ್ತದೆ ಎಂಬ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸಾಲಕ್ಕೆ ಸಹಿ ಹಾಕುವವರು ನೀವಾದರೂ ತೀರಿಸಬೇಕಾದವಳು ಅವಳು. ಆದ್ದರಿಂದ ಈ ಲೆಕ್ಕ ಅವಳ ಕೈಬರಹದಲ್ಲೇ ಇರಲಿ.

ಶಿಕ್ಷಣ ಸಾಲದಲ್ಲಿ ಓದಿನ ಅವಧಿ ಮತ್ತು ಆನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂಬುದನ್ನು ಬ್ಯಾಂಕಿನವರು ಹೇಳಿರುತ್ತಾರೆ. ಆದರೆ ಆ ಐದು ವರ್ಷವೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಬ್ಯಾಂಕು ಪ್ರತಿ ವರ್ಷದ ಆರಂಭದಲ್ಲಿ ಮೂರು ಮುಕ್ಕಾಲು ಲಕ್ಷ ಬಿಡುಗಡೆ ಮಾಡುತ್ತದೆ ಎಂದಿಟ್ಟುಕೊಳ್ಳಿ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿಯ ಲೆಕ್ಕದಲ್ಲೇ ಇದು ಸುಮಾರು 5 ಲಕ್ಷ 51 ಸಾವಿರ ರೂಪಾಯಿ ಆಗುತ್ತದೆ. ಅಂದರೆ ಮೊದಲ ಕಂತು ಕಟ್ಟುವ ದಿನ ಅವಳ ಹೆಸರಿನಲ್ಲಿ ಇರುವ ಸಾಲ 15 ಲಕ್ಷವಲ್ಲ, ಇಪ್ಪತ್ತೂವರೆ ಲಕ್ಷ. ಇದನ್ನು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಇಎಂಐ ಸುಮಾರು 27,700 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 22,700 ರೂಪಾಯಿ. ಹದಿನೈದು ವರ್ಷದ ದಾರಿ ಹಗುರವೆಂದು ತೋರಿದರೂ ಕೊನೆಗೆ ಕಟ್ಟುವ ಒಟ್ಟು ಮೊತ್ತ ನಲವತ್ತು ಲಕ್ಷ ದಾಟುತ್ತದೆ, ಮತ್ತು ಅದು ಮುಗಿಯುವಾಗ ಅವಳಿಗೆ ಮೂವತ್ತೆಂಟು ವರ್ಷವಾಗಿರುತ್ತದೆ.

ಈಗ ಸಂಬಳದ ಕಡೆ ನೋಡೋಣ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಂದ ಅತಿ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುವ ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಪ್ಯಾಕೇಜು ಬಹಳ ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಕಾಲೇಜು ಶುಲ್ಕ ಮಾತ್ರ ಏರುತ್ತಲೇ ಬಂದಿದೆ. ಆ ಪ್ಯಾಕೇಜಿನಲ್ಲಿ ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ಸಾಧನೆ ನೋಡಿ ಕೊಡುವ ಬದಲಾಗುವ ಭತ್ಯೆ ಎಲ್ಲವೂ ಸೇರಿರುತ್ತವೆ. ಇವನ್ನೆಲ್ಲ ಕಳೆದು ತಿಂಗಳ ಕೊನೆಗೆ ಕೈಗೆ ಬರುವುದು ಸುಮಾರು ಇಪ್ಪತ್ತೈದು ಸಾವಿರ. ಹತ್ತು ವರ್ಷದ ಇಎಂಐ ಅದಕ್ಕಿಂತಲೂ ಹೆಚ್ಚು. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಓಡಾಟದ ಖರ್ಚನ್ನು ನಾನಿನ್ನೂ ಸೇರಿಸಿಲ್ಲ.

ಆದರೆ ಆ ಕಾಲೇಜಿನ ಜಾಹೀರಾತಿನಲ್ಲಿ ನಲವತ್ತು ಲಕ್ಷದ ಪ್ಯಾಕೇಜು ಪಡೆದವರ ಫೋಟೊ ಇದೆಯಲ್ಲ ಎಂದು ಮಗಳು ಕೇಳಬಹುದು. ಆ ವಿದ್ಯಾರ್ಥಿ ನಿಜವಾಗಿಯೂ ಇರಬಹುದು, ಸಂಬಳವೂ ನಿಜವಿರಬಹುದು. ಹತ್ತು ಮಂದಿಯಲ್ಲಿ ಒಬ್ಬರಿಗೆ ನಲವತ್ತು ಲಕ್ಷ, ಉಳಿದ ಒಂಬತ್ತು ಮಂದಿಗೆ ತಲಾ ನಾಲ್ಕು ಲಕ್ಷ ಸಿಕ್ಕರೆ ಸರಾಸರಿ ಏಳು ಲಕ್ಷದ ಅರವತ್ತು ಸಾವಿರ ಬರುತ್ತದೆ. ಆ ಸಂಬಳ ಆ ಹತ್ತು ಮಂದಿಯಲ್ಲಿ ಒಬ್ಬರಿಗೂ ಸಿಕ್ಕಿರುವುದಿಲ್ಲ. ನಿಮಗೆ ಬೇಕಾದದ್ದು ಗರಿಷ್ಠವೂ ಅಲ್ಲ, ಸರಾಸರಿಯೂ ಅಲ್ಲ. ಎಲ್ಲರ ಸಂಬಳವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ವಿದ್ಯಾರ್ಥಿಯ ಸಂಬಳ.

ಆ ಅಂಕಿ ಸಿಗುವ ಜಾಗವೊಂದಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜು ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲೂ ಪ್ರಕಟಿಸಬೇಕು. ಮಗಳಿಗೆ ಹೇಳಿ, ಕಾಲೇಜಿನ ಜಾಲತಾಣದಲ್ಲಿ ಎನ್‌ಐಆರ್‌ಎಫ್ ಎಂಬ ಕೊಂಡಿಯನ್ನು ಒತ್ತಿ ಆ ಪಿಡಿಎಫ್ ತೆರೆಯಲಿ. ನಾಲ್ಕು ವರ್ಷದ ಪದವಿಯ ಕೋಷ್ಟಕದಲ್ಲಿ ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಎಲ್ಲವೂ ಇರುತ್ತದೆ: ಆ ತಂಡಕ್ಕೆ ಮೊದಲ ವರ್ಷ ಸೇರಿದವರು ಎಷ್ಟು, ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಬಂದವರು ಎಷ್ಟು, ನಿಗದಿತ ಅವಧಿಯಲ್ಲೇ ಪಾಸಾದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಅವರ ನಡುಮಟ್ಟದ ವಾರ್ಷಿಕ ಸಂಬಳ ಎಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರು ಎಷ್ಟು. ಸೇರಿದವರ ಸಂಖ್ಯೆಯ ಪಕ್ಕದಲ್ಲಿ ಕೆಲಸ ಸಿಕ್ಕವರ ಸಂಖ್ಯೆಯನ್ನು ಬರೆದುಕೊಳ್ಳಿ. ಎರಡರ ನಡುವಿನ ಅಂತರವನ್ನು ಯಾವ ಬ್ರೋಷರೂ ಹೇಳುವುದಿಲ್ಲ. ಈ ನಡುಮಟ್ಟದ ಸಂಬಳ ಕೆಲಸ ಸಿಕ್ಕವರದ್ದು ಮಾತ್ರ ಎಂಬುದನ್ನೂ, ಎಲ್ಲ ವಿಭಾಗಗಳನ್ನು ಒಟ್ಟು ಸೇರಿಸಿ ಕಾಲೇಜೇ ಕೊಟ್ಟ ಅಂಕಿ ಎಂಬುದನ್ನೂ ನೆನಪಿಡಿ. ಹಾಗಿದ್ದರೂ ಪೋಸ್ಟರಿಗಿಂತ ಇದು ಎಷ್ಟೋ ಮೇಲು. ಕೇಳಿದ ಮೇಲೂ ಆ ಕೋಷ್ಟಕವನ್ನು ತೋರಿಸದ ಕಾಲೇಜಿಗೆ ಹದಿನೈದು ಲಕ್ಷದ ಸಾಲ ಮಾಡಿ ಮಗಳನ್ನು ಕಳುಹಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಲ ಎಷ್ಟಿದ್ದರೆ ತಡೆಯಬಹುದು ಎಂದು ಕೇಳುವ ಪೋಷಕರಿಗೆ ನಾನು ಕೊಡುವ ಅಳತೆ ಇದು: ಇಎಂಐ, ಕೈಗೆ ಬರುವ ಮೊದಲ ಸಂಬಳದ ಮೂರನೇ ಒಂದು ಭಾಗವನ್ನು ಮೀರಬಾರದು. ನಿಮಗೆ ಹೇಳಿರುವ ಬಡ್ಡಿದರದಲ್ಲಿ, ಐದು ವರ್ಷದ ಬಡ್ಡಿಯನ್ನೂ ಸೇರಿಸಿಕೊಂಡರೆ, ಪಡೆದ ಪ್ರತಿ ಒಂದು ಲಕ್ಷಕ್ಕೆ ಹತ್ತು ವರ್ಷ ತಿಂಗಳಿಗೆ ಸುಮಾರು 1,850 ರೂಪಾಯಿ ಕಟ್ಟಬೇಕು. ಮೂವತ್ತು ಸಾವಿರ ಕೈಗೆ ಬಂದರೆ ಹತ್ತು ಸಾವಿರದ ಕಂತು ತಡೆಯಬಹುದು. ಹಾಗಾದರೆ ಸಾಲ ಐದು, ಐದೂವರೆ ಲಕ್ಷಕ್ಕೆ ನಿಲ್ಲಬೇಕು. ನೀವು ಹೊರಟಿರುವುದು ಅದರ ಮೂರು ಪಟ್ಟಿನ ಕಡೆಗೆ.

ಬೆಂಗಳೂರಿನ ಕಾಲೇಜಿನ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಅಲ್ಲಿಗೆ ಕ್ಯಾಂಪಸ್ ಸಂದರ್ಶನಕ್ಕೆ ಬರುವ ಕಂಪನಿಗಳು ಹೆಚ್ಚು. ಇಂಟರ್ನ್‌ಶಿಪ್ಪಿಗೆ ಊರು ಬಿಟ್ಟು ಹೋಗಬೇಕಾಗಿಲ್ಲ. ಸಹಪಾಠಿಗಳ ಓಟ ನೋಡಿ ತಾನೂ ಓಡುವ ಹುರುಪು ಬರುತ್ತದೆ. ಈ ಅನುಕೂಲಕ್ಕೆ ಬೆಲೆ ಇದೆ. ಆದರೆ ಆ ಬೆಲೆ ಎಷ್ಟು ಎಂದು ಕೇಳಿಕೊಳ್ಳಬೇಕು. ಹಾಸನದಲ್ಲಿ ಸಾಲವಿಲ್ಲದೆ ಓದಿ ತಿಂಗಳಿಗೆ ಇಪ್ಪತ್ತೈದು ಸಾವಿರ ಕೈಗೆ ಪಡೆಯುವ ಹುಡುಗಿಗೆ ಸಮನಾಗಿ ನಿಲ್ಲಬೇಕಾದರೂ ನಿಮ್ಮ ಮಗಳು ಮೊದಲ ತಿಂಗಳಿಂದಲೇ ಐವತ್ತೆರಡು, ಐವತ್ತಮೂರು ಸಾವಿರ ಕೈಗೆ ತರಬೇಕು. ಪ್ಯಾಕೇಜಿನ ಮಾತಿನಲ್ಲಿ ಅದು ಏಳರಿಂದ ಎಂಟು ಲಕ್ಷ. ಆ ಕಾಲೇಜಿನ ನಡುಮಟ್ಟದ ಸಂಬಳ ಅಷ್ಟಿದ್ದರೆ ಈ ಪ್ರಶ್ನೆಯನ್ನು ಮತ್ತೊಮ್ಮೆ ತೂಗೋಣ. ಇಲ್ಲವಾದರೆ, ನಿಮ್ಮ ಮಗಳು ಇಡೀ ತರಗತಿಯಲ್ಲಿ ಮೇಲಿನ ಕೆಲವರಲ್ಲಿ ಒಬ್ಬಳಾಗಲೇಬೇಕು ಎಂಬ ಷರತ್ತಿನ ಮೇಲೆ ಮನೆಯನ್ನು ಅಡವಿಟ್ಟಂತಾಗುತ್ತದೆ. ಹದಿನೆಂಟು ವರ್ಷದ ಹುಡುಗಿಯ ಮೇಲೆ ಆ ಭಾರ ಹೊರಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ಹಾಸನದ ಸೀಟಿನ ವಿಚಾರಕ್ಕೆ ಬರುತ್ತೇನೆ. ಆ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು; ಬೆಂಗಳೂರಿನ ಬಹುಪಾಲು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪದವಿ ಪ್ರಮಾಣಪತ್ರವೂ ಅದೇ ವಿಟಿಯುವಿನದು. ಎಲೆಕ್ಟ್ರಾನಿಕ್ಸ್ ಓದಿದವರನ್ನು ಸಾಫ್ಟ್‌ವೇರ್ ಕಂಪನಿಗಳು ಸಂದರ್ಶನಕ್ಕೆ ಕರೆಯುವುದಿಲ್ಲ ಎಂಬ ಭಯ ಬೇಡ. ದೊಡ್ಡ ನೇಮಕಾತಿಗಳಲ್ಲಿ ಅವರು ನೋಡುವುದು ಅಂಕ, ಬ್ಯಾಕ್‌ಲಾಗ್ ಇಲ್ಲದಿರುವುದು, ಪ್ರೋಗ್ರಾಮಿಂಗ್ ಪರೀಕ್ಷೆಯಲ್ಲಿ ತೋರಿಸುವ ಸಾಮರ್ಥ್ಯ. ಚಿಪ್ ವಿನ್ಯಾಸದಂಥ ಕೆಲಸಗಳಿಗಂತೂ ಎಲೆಕ್ಟ್ರಾನಿಕ್ಸ್ ಓದೇ ಬೇಕು. ಅರಸೀಕೆರೆಯಿಂದ ಹಾಸನಕ್ಕೆ ನಲವತ್ತು ಕಿಲೋಮೀಟರಿನ ಹಾದಿ. ಶಕ್ತಿ ಯೋಜನೆಯಿಂದಾಗಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೆಟಿನ ಖರ್ಚೂ ಇಲ್ಲ. ಆದರೆ ದಿನಕ್ಕೆ ಎರಡು ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಕೈಯಲ್ಲಿರುವ ನಾಲ್ಕು ಲಕ್ಷದಲ್ಲಿ ನಾಲ್ಕು ವರ್ಷದ ಶುಲ್ಕ ಕಳೆದು ಉಳಿಯುವ ಹಣದಿಂದ ಒಳ್ಳೆಯ ಲ್ಯಾಪ್‌ಟಾಪ್ ಕೊಡಿಸಿ, ಕೊನೆಯ ಎರಡು ವರ್ಷವಾದರೂ ಹಾಸನದ ಹಾಸ್ಟೆಲ್ಲಿನಲ್ಲಿ ಇರಿಸಿದರೆ ಅವಳ ಓದಿಗೆ ಹೆಚ್ಚು ಉಪಯೋಗ.

ಕಂಪ್ಯೂಟರ್ ಸೈನ್ಸಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗಿನಲ್ಲಿ ಚಾಯ್ಸ್-2 ಆರಿಸಿದರೆ ಸಿಕ್ಕ ಸೀಟನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ಒಂದರಿಂದ ಹತ್ತನೆಯ ತರಗತಿವರೆಗೆ ಅವಳು ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಮೀಸಲಾತಿಯ ದಾಖಲೆಗಳು ಪರಿಶೀಲನೆಯಲ್ಲಿ ಒಪ್ಪಿತವಾಗಿವೆಯೇ ನೋಡಿ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ, ಖಾಸಗಿ ಕಾಲೇಜುಗಳಲ್ಲೂ ಬೋಧನಾ ಶುಲ್ಕದ ವಿನಾಯಿತಿ ಇರುವ, ಹೆಚ್ಚುವರಿ ಕೋಟಾದ ಎಸ್‌ಎನ್‌ಕ್ಯು ಸೀಟುಗಳಿವೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಲಿ. ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕವರಿಗೆ ಅರಿವು ಯೋಜನೆಯಡಿ ದೇವರಾಜ ಅರಸು ನಿಗಮ ಶೇ 2ರ ಬಡ್ಡಿಯಲ್ಲಿ ಸಾಲ ಕೊಡುತ್ತದೆ. ಬೇರೆ ಸಮುದಾಯಗಳ ನಿಗಮಗಳಲ್ಲೂ ಇಂಥ ಯೋಜನೆಗಳಿವೆ, ನಿಮಗೆ ಅನ್ವಯಿಸುವುದನ್ನು ವಿಚಾರಿಸಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದೆ ಸಾಲ ಕೊಡಿಸುತ್ತದೆ, ಆದಾಯ ಮಿತಿಯೊಳಗಿನವರಿಗೆ ಬಡ್ಡಿ ಸಹಾಯಧನವೂ ಇದೆ; ಆದರೆ ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅದು ಅನ್ವಯಿಸುವುದಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಸೇರಿದರೆ ಈ ಅನುಕೂಲಗಳಲ್ಲಿ ಬಹುಪಾಲು ನಿಮ್ಮ ಕೈ ತಪ್ಪುತ್ತವೆ.

ಕೊನೆಯದಾಗಿ, ಶುಲ್ಕದ ಹೊರತಾಗಿ ರಸೀದಿಯಿಲ್ಲದ ಹಣ ಕೇಳಿದರೆ ಖಂಡಿತ ಕೊಡಬೇಡಿ. ಡೊನೇಷನ್ ಎಂದು ನಾವು ಕರೆಯುವ ಆ ವಸೂಲಿಯನ್ನು ಕರ್ನಾಟಕದಲ್ಲಿ 1984ರ ಕಾಯ್ದೆ ನಿಷೇಧಿಸಿದೆ. ನಮ್ಮ ರಾಜ್ಯದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಅಂಥ ವಸೂಲಿಯನ್ನು ಖಂಡಿಸಿತು. ರಸೀದಿ ಇಲ್ಲದ ಹಣಕ್ಕೆ ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ. ಆ ಹಣ ಕೈಸಾಲವಾಗಿ ತೋಟದ ಮೇಲೆ ಬಂದು ಕೂರುತ್ತದೆ. ಮಗನ ಪಿಯುಸಿ ಮುಗಿಯುವ ಹೊತ್ತಿಗೆ ಅವನಿಗೂ ಆ ಮನೆಯ ಪತ್ರ ಬೇಕಾಗಬಹುದು ಎಂಬುದನ್ನು ಮಗಳ ಮುಂದೆಯೇ ಮಾತನಾಡಿ. ಹೆಣ್ಣುಮಗಳೆಂದು ಅವಳಿಗೆ ಕಡಿಮೆ ಮಾಡುತ್ತಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಬೇಕಾದರೆ, ಇದೇ ಅಳತೆ ತಮ್ಮನಿಗೂ ಅನ್ವಯಿಸುತ್ತದೆ ಎಂದು ಇಂದೇ ಹೇಳಿಬಿಡಿ.

ಪ್ರಶ್ನೆ: ನಾನು ಖಾಸಗಿ ಕಾಲೇಜಿನಲ್ಲಿ ಬಿಇ ಮುಗಿಸಿ ಒಂದು ವರ್ಷವಾಯಿತು. 7 ಲಕ್ಷ 20 ಸಾವಿರ ಶಿಕ್ಷಣ ಸಾಲ ಬಾಕಿ ಇದೆ, ಬಡ್ಡಿ ಶೇ 10. ಮುಂದಿನ ತಿಂಗಳಿಂದ ಕಂತು ಶುರು. ಇನ್ನೂ ಕೆಲಸ ಸಿಕ್ಕಿಲ್ಲ. ತಂದೆ ಸಹ-ಸಾಲಗಾರರು, ರೈತರು. ಎರಡು ಲಕ್ಷ ಕಟ್ಟಿದರೆ ತರಬೇತಿ ಕೊಟ್ಟು ಕೆಲಸ ಗ್ಯಾರಂಟಿ ಎನ್ನುವ ಸಂಸ್ಥೆಯೊಂದು ಕರೆಯುತ್ತಿದೆ. ಸೇರಬಹುದೇ?
— ಒಬ್ಬ ಪದವೀಧರ, ಚಿತ್ರದುರ್ಗ

ಉತ್ತರ: ತರಬೇತಿಗಾಗಿ ಮತ್ತೊಂದು ಸಾಲ ಮಾಡಬೇಡಿ. ಮೊದಲು ಹೋಗಬೇಕಾದದ್ದು ನಿಮ್ಮ ಬ್ಯಾಂಕ್ ಶಾಖೆಗೆ, ಅದೂ ಮೊದಲ ಕಂತು ತಪ್ಪುವ ಮೊದಲೇ. ಕಂತು ಬಾಕಿ ತೊಂಬತ್ತು ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಆಮೇಲೆ ಮ್ಯಾನೇಜರಿಗೆ ಸಹಾಯ ಮಾಡುವ ಮನಸ್ಸಿದ್ದರೂ ದಾರಿಗಳು ಕಡಿಮೆ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಇರುವುದಿಲ್ಲವಾದ್ದರಿಂದ ಜಮೀನು ಹೋಗುತ್ತದೆಂಬ ಭಯ ನಿಮಗೆ ಬೇಡದಿರಬಹುದು, ನಿಮ್ಮ ಸಾಲಪತ್ರವನ್ನು ಒಮ್ಮೆ ಓದಿ ಖಚಿತಪಡಿಸಿಕೊಳ್ಳಿ. ಆದರೆ ಸಹ-ಸಾಲಗಾರರಾದ ತಂದೆಯ ಸಿಬಿಲ್ ಅಂಕವೂ (ಸಾಲ ತೀರಿಸುವ ಶಿಸ್ತಿಗೆ ಕೊಡುವ ಅಂಕ) ಕುಸಿಯುತ್ತದೆ, ಮುಂದಿನ ಬೆಳೆಸಾಲಕ್ಕೆ ಅವರು ಹೋದಾಗ ಅದು ಎದುರಾಗುತ್ತದೆ.

ಕೆಲಸವಿಲ್ಲದ ಅವಧಿಗೆ ಕಂತು ಮುಂದೂಡಲು ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಬಾಯಿಮಾತಿನಲ್ಲಿ ಕೇಳದೆ ಲಿಖಿತ ಅರ್ಜಿ ಕೊಡಿ. ಅದರಲ್ಲಿ ಪದವಿ ಮುಗಿದ ದಿನಾಂಕ, ಹಾಜರಾದ ಸಂದರ್ಶನಗಳು, ಎಷ್ಟು ತಿಂಗಳ ಕಾಲಾವಕಾಶ ಬೇಕು ಎಂಬುದಿರಲಿ. ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಅಷ್ಟರವರೆಗೆ ಸಾಧ್ಯವಾದರೆ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋಗಿ. ನಿಮ್ಮ ಬಾಕಿಗೆ ಅದು ತಿಂಗಳಿಗೆ ಆರು ಸಾವಿರ ರೂಪಾಯಿ. ನೀವು ಯುವನಿಧಿಗೆ ಅರ್ಹರಾಗಿದ್ದರೆ ಪದವೀಧರರಿಗೆ ಸಿಗುವ ತಿಂಗಳ ಮೂರು ಸಾವಿರ ಅದರ ಅರ್ಧವನ್ನು ಹೊರುತ್ತದೆ. ಉಳಿದರ್ಧಕ್ಕೆ ಮನೆಪಾಠವಾದರೂ ಸರಿ. ವಸೂಲಿ ಏಜೆಂಟರು ಬೆಳಿಗ್ಗೆ ಎಂಟಕ್ಕಿಂತ ಮೊದಲು, ಸಂಜೆ ಏಳರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬೆದರಿಕೆ ಬಂದರೆ ಬ್ಯಾಂಕಿಗೂ, ಅಲ್ಲಿ ಪರಿಹಾರ ಸಿಗದಿದ್ದರೆ ಒಂಬುಡ್ಸ್‌ಮನ್‌ಗೂ ದೂರು ಕೊಡಿ.

ಗ್ಯಾರಂಟಿ ಸಂಸ್ಥೆಯ ಬಗ್ಗೆ ಒಂದೇ ಮಾತು: ಕೆಲಸ ಸಿಗದಿದ್ದರೆ ಎರಡು ಲಕ್ಷವೂ ವಾಪಸು ಎಂದು ಒಪ್ಪಂದದಲ್ಲಿ ಬರೆದುಕೊಡುತ್ತಾರೆಯೇ ಎಂದು ಕೇಳಿ, ಅವರ ಉತ್ತರದಿಂದ ನಿಮಗೆ ತಿಳಿಯುತ್ತದೆ. ಅದಕ್ಕಿಂತ ಅಪ್ರೆಂಟಿಸ್ ಹುದ್ದೆಗಳನ್ನು ಹುಡುಕಿ. ಕೇಂದ್ರದ ಎನ್‌ಎಟಿಎಸ್ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಿದರೆ ಬಿಇಎಲ್, ಎಚ್‌ಎಎಲ್‌ನಂಥ ಸಂಸ್ಥೆಗಳು ಪದವೀಧರ ಅಪ್ರೆಂಟಿಸ್‌ಗಳನ್ನು ಕರೆದಾಗ ಅರ್ಜಿ ಹಾಕಬಹುದು. ಶಿಷ್ಯವೇತನ ದೊಡ್ಡದಲ್ಲ. ಆದರೆ ನೀವು ಹಣ ಕೊಟ್ಟು ಕಲಿಯುವ ಬದಲು ಹಣ ಪಡೆದು ಕಲಿಯುತ್ತೀರಿ, ಅನುಭವ ಪತ್ರವೂ ಕೈಗೆ ಬರುತ್ತದೆ. ಮುಗಿದ ಮೇಲೆ ಕಾಯಂ ಮಾಡುತ್ತಾರೆಂಬ ಭರವಸೆ ಅಲ್ಲಿಲ್ಲ ಎಂಬುದು ತಿಳಿದಿರಲಿ.

ಪ್ರಶ್ನೆ: ಮಗನ ಖಾಸಗಿ ಕಾಲೇಜಿನ ಶುಲ್ಕಕ್ಕೆಂದು ಒಂಬತ್ತು ಲಕ್ಷ ಠೇವಣಿ ಇಟ್ಟಿದ್ದೇನೆ. ಅದನ್ನು ಮುರಿಯದೆ ಶಿಕ್ಷಣ ಸಾಲ ತೆಗೆದುಕೊಂಡರೆ ತೆರಿಗೆ ಉಳಿಯುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ?
— ಒಬ್ಬ ನೌಕರರು, ದಾವಣಗೆರೆ

ಉತ್ತರ: ತೆರಿಗೆ ಉಳಿಯಬಹುದು, ಹಣ ಉಳಿಯುವುದಿಲ್ಲ. 80ಇ ಎಂದು ಪರಿಚಿತವಾದ ಆ ವಿನಾಯಿತಿ ಬಡ್ಡಿಗೆ ಮಾತ್ರ, ಅಸಲಿಗೆ ಅಲ್ಲ. ಅದೂ ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷ ಮಾತ್ರ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ನೀವು ಹೊಸ ಪದ್ಧತಿಗೆ ಬಂದಿದ್ದರೆ ಮಾತು ಇಲ್ಲಿಗೇ ಮುಗಿಯಿತು. ಹಳೆಯ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿದ್ದರೂ, ಶೇ 10ರ ಸಾಲ ತೆರಿಗೆ ಉಳಿತಾಯದ ನಂತರ ಸುಮಾರು ಶೇ 6.9ಕ್ಕೆ ಬೀಳುತ್ತದೆ, ಶೇ 7ರ ಠೇವಣಿಯ ಬಡ್ಡಿಗೆ ನೀವು ತೆರಿಗೆ ಕಟ್ಟಿದ ಮೇಲೆ ಉಳಿಯುವುದು ಶೇ 4.8. ಠೇವಣಿಯನ್ನು ಒಮ್ಮೆಗೇ ಮುರಿಯುವ ಅಗತ್ಯವಿಲ್ಲ. ಪ್ರತಿ ವರ್ಷದ ಶುಲ್ಕ ಕಟ್ಟುವ ತಿಂಗಳಿಗೆ ಅವಧಿ ಮುಗಿಯುವಂತೆ ನಾಲ್ಕು ಭಾಗ ಮಾಡಿ ಇಡಿ. ಶುಲ್ಕ ವರ್ಷವರ್ಷವೂ ಏರುವ ಷರತ್ತು ಪ್ರವೇಶಪತ್ರದಲ್ಲಿ ಇದೆಯೇ ಎಂದು ನೋಡಿಕೊಂಡು, ಇದ್ದರೆ ಮೂರನೆಯ ಮತ್ತು ನಾಲ್ಕನೆಯ ಭಾಗವನ್ನು ಸ್ವಲ್ಪ ದೊಡ್ಡದಾಗಿಡಿ.